ಬಿಳಿಗಣ್ಣ ಅರಸನಿಗೆ ಸೊನ್ನೆ

ಈಚೆಗೆ ಒಂದು ಭಾನುವಾರ, ನಾನೇ ಹುಟ್ಟಿಸಿದ ರಾಜನ ಮೇಲೆ ನಾನೇ ಕೆಂಪು ಇಂಕಲ್ಲಿ ಅಡ್ಡಗೆರೆ ಎಳೆದೆ.

ಬಟವಾಡಿ ಬಡಾವಣೆಯ ಬಾಡಿಗೆ ಮನೇಲಿ ಕಾಲೇಜಿನ ಇಂಟರ್ನಲ್ ಟೆಸ್ಟ್ ಪೇಪರ್ ತಿದ್ದುತ್ತಾ ಕೂತಿದ್ದೆ. ಕಾಫಿ ಆರಿಹೋಗಿತ್ತು. ಪ್ರಶ್ನೆ: ಹಿಂದಿನ ಅರಸರು ಕೆರೆಗಳನ್ನು ಏಕೆ ಕಟ್ಟಿಸಿದರು? ಹತ್ತು ಮಾರ್ಕ್ಸು. ಎಲ್ಲ ಪೇಪರಿನಲ್ಲೂ ಅದೇ ಗೈಡು, ಅದೇ ಐದು ಪಾಯಿಂಟು. ಕೈ ತಾನಾಗೇ ಎಂಟು, ಎಂಟು, ಒಂಬತ್ತು ಅಂತ ಹಾಕ್ತಿತ್ತು. (ಇಷ್ಟು ವರ್ಷ ಹಿಸ್ಟರಿ ಪಾಠ ಮಾಡಿದ ಕೈಗೆ ಕಣ್ಣಿನ ಅಗತ್ಯ ಇರಲ್ಲ.)

ಆಗ ಶಬಾನಾ ಪೇಪರು ಬಂತು. ಗುಬ್ಬಿಯಿಂದ ದಿನಾ ಬಸ್ಸಲ್ಲಿ ಬರೋ ಹುಡುಗಿ. ಅಪ್ಪನದು ಅಲ್ಲೇ ಟೈಲರ್ ಅಂಗಡಿ. ಮೂರನೇ ಬೆಂಚು, ಕಿಟಕಿ ಪಕ್ಕ. ಎರಡು ವರ್ಷದಲ್ಲಿ ಅವಳ ಬಾಯಿಂದ ನಾನು ಕೇಳಿದ್ದು ‘ಪ್ರೆಸೆಂಟ್ ಮ್ಯಾಮ್’ ಒಂದೇ.

ಅವಳು ಬರೆದಿದ್ದಳು: ‘ಪುಣ್ಯಕ್ಕಾಗಿ ಮಾತ್ರ ಕೆರೆ ಕಟ್ಟಿಸಲಿಲ್ಲ. ಕೆರೆ ನೀರು ನಂಬಿದವನು ಊರು ಬಿಟ್ಟು ಹೋಗಲಾರ. ಊರು ಬಿಡಲಾರದವನಿಂದ ತೆರಿಗೆ ವಸೂಲಿ ಸುಲಭ. ಮುಗಿಲೂರಿನ ಬಿಳಿಗಣ್ಣ ಅರಸನೂ ಮೊದಲು ಕೆರೆ ಕಟ್ಟಿಸಿ, ಆಮೇಲೆ ತೆರಿಗೆಯವನನ್ನು ಕಳಿಸಿದ.’

ಪೆನ್ನು ಕೆಳಗಿಟ್ಟೆ. ಮುಗಿಲೂರು ಅನ್ನೋ ಊರೇ ಇಲ್ಲ ಕಣ್ರೀ. ಬಿಳಿಗಣ್ಣ ಅನ್ನೋ ಅರಸನೂ ಇರಲಿಲ್ಲ. ಅವನನ್ನು ಹುಟ್ಟಿಸಿದವಳು ನಾನು.

ಹೇಳ್ತೀನಿ, ನಗಬೇಡಿ. ನನ್ನ ಹಳೇ ಸ್ಟೂಡೆಂಟ್ ಯೋಗೀಶ, ಕುಣಿಗಲ್‌ನವನು, ಆನ್‌ಲೈನ್‌ನಲ್ಲಿ ಒಂದು ಆಟದ ರಾಜ್ಯ ಕಟ್ಟಿದ್ದಾನೆ. ಅದೇ ಮುಗಿಲೂರು. ಒಬ್ಬ ಸೈನಿಕ, ಒಬ್ಬಳು ಮಾಟಗಾತಿ, ಒಬ್ಬ ರೆಕ್ಕೆಕುದುರೆ ಮೇಯಿಸೋನು. ಎಲ್ಲರೂ ಸುಳ್ಳು ಹೆಸರಲ್ಲಿ ಟೈಪ್ ಮಾಡ್ತಾ ಆ ಕಥೆಯೊಳಗೇ ಬದುಕ್ತಾರೆ. ರಾಜ್ಯ ಇದೆ, ಹಿಸ್ಟರಿ ಇಲ್ಲ, ಬನ್ನಿ ಮ್ಯಾಮ್ ಅಂತ ಜೀವ ತಿಂದ. ಹೋದೆ. ಈಗ ಅಲ್ಲಿನ ಗುರುಕುಲದಲ್ಲಿ ನಾನು ‘ಹಣ್ಣೆಲೆ ಗುರು’. ಪ್ರತಿ ಶನಿವಾರ ಸಂಜೆ ಕ್ಲಾಸು.

ಅಲ್ಲೊಂದು ಪದ್ಧತಿ ಇದೆ. ಪ್ರಶ್ನೆ ಕೇಳಿದ ಮೇಲೆ ಗುರು ‘ದೀಪ ಹಚ್ಚಿದ್ದೇನೆ’ ಅಂತ ಟೈಪ್ ಮಾಡಬೇಕು. ಶಿಷ್ಯರಲ್ಲಿ ಯಾರಾದರೂ ಉತ್ತರ ಕೊಟ್ಟರೆ ದೀಪ ಆರಿತು ಅಂತ ಲೆಕ್ಕ. ಅಲ್ಲೀವರೆಗೂ ಗುರು ಒಂದಕ್ಷರ ಮಾತಾಡೋ ಹಾಗಿಲ್ಲ. ಕೆಲವು ಸಲ ಹದಿನೈದು ನಿಮಿಷ ಆಗುತ್ತೆ. ನಾನು ಅವರೆಕಾಯಿ ಸುಲೀತಾ ಕೂತಿರ್ತೀನಿ. ಕೊನೆಗೆ ಉತ್ತರ ಬರೋದು ಯಾವಾಗಲೂ ‘ಮರಕುಟಿಗ’ ಅನ್ನೋ ಹೆಸರಿಂದ. ಉತ್ತರದ ಜೊತೆಗೆ ನಾಲ್ಕು ಪ್ರಶ್ನೆ ಬೇರೆ. ಯಾರೋ ರಿಟೈರ್ಡ್ ಮೇಷ್ಟ್ರು ಇರಬೇಕು ಅಂದ್ಕೊಂಡಿದ್ದೆ.

ಕೆರೆ ತೆರಿಗೆಯ ಈ ವಾದ ಮರಕುಟಿಗನದ್ದೇ. ಅಂದರೆ ಮರಕುಟಿಗ ಯಾರು ಅಂತ ಗೊತ್ತಾಯ್ತಲ್ಲ?

ಆ ಕಟ್ಟಿನಲ್ಲಿ ಯೋಚನೆ ಮಾಡಿ ಬರೆದಿದ್ದ ಉತ್ತರ ಅದೊಂದೇ. ಆದರೆ ಇಲ್ಲದ ರಾಜನಿಗೆ ಮಾರ್ಕ್ಸ್ ಹೇಗೆ ಕೊಡೋದು? ಪೇಪರು ಹೆಚ್‌ಒಡಿ ಟೇಬಲ್‌ಗೆ ಹೋಗುತ್ತೆ. ‘ಯಾರ್ರೀ ಈ ಬಿಳಿಗಣ್ಣ?’ ಅಂದರೆ ‘ನಮ್ಮ ಹುಡುಗನೇ ಸರ್’ ಅನ್ನಲಾ? ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. ಆ ಸೊನ್ನೆಗೆ ಅವಳು ಇಂಟರ್ನಲ್ಸ್‌ನಲ್ಲಿ ಫೇಲ್.

ಸೋಮವಾರ ಸ್ಟಾಫ್ ರೂಮಿಗೆ ಕರೆಸಿದೆ. ಬರೆಯೋ ಭರದಲ್ಲಿ ಬಿಳಿಗಣ್ಣ ಬಂದ್ಬಿಟ್ಟ ಅಂದಳು. ಹಣ್ಣೆಲೆ ಗುರು ನಾನೇ ಅಂತ ಅವಳಿಗೆ ಮೊದಲ ವಾರವೇ ಗೊತ್ತಾಗಿತ್ತಂತೆ. ‘ಅದರಿಂದ ಯಾರಿಗೆ ಲಾಭ?’ ಅಂತ ಎರಡು ಕಡೆಯೂ ಕೇಳ್ತೀನಲ್ಲ, ಅದರಿಂದ. ಹಾಗಾದ್ರೆ ಕ್ಲಾಸಲ್ಲಿ ಯಾಕಮ್ಮ ಬಾಯಿ ಬಿಡಲ್ಲ ಅಂದೆ.

‘ಅಲ್ಲಿ ನೀವು ಕಾಯ್ತೀರ ಮ್ಯಾಮ್. ಇಲ್ಲಿ ನೀವೇ ಕೇಳಿ ನೀವೇ ಹೇಳ್ಬಿಡ್ತೀರ.’

ಬೈದಿದ್ದರೆ ತಡ್ಕೋತಿದ್ದೆ. ಅವಳು ಬೈಯಲಿಲ್ಲ, ಇದ್ದದ್ದು ಹೇಳಿದಳು. ಎಲ್ಲಿಂದ ಕಾಯಲಿ ಹೇಳಿ? ಪೋರ್ಷನ್ ಮುಗಿಸಬೇಕು, ಪೋರ್ಟಲ್‌ಗೆ ಅಟೆಂಡೆನ್ಸ್ ತುಂಬಬೇಕು, ಗಂಟಲು ಬೇರೆ ಬಿದ್ದುಹೋಗಿರುತ್ತೆ. ಸುಸ್ತಾಗಿದೆ ಕಣ್ರೀ.

ಮತ್ತೆ ಬರೆದುಕೊಡು ಅಂದೆ. ಮಂಗಳವಾರ ಕೊಟ್ಟಳು. ಗೈಡಿನ ಐದು ಪಾಯಿಂಟು, ಅದೇ ಆರ್ಡರಿನಲ್ಲಿ. ಒಂಬತ್ತು ಹಾಕಿದೆ. ಪಾಸು.

ಬುಧವಾರ ಹಟಕ್ಕೆ ಬಿದ್ದೆ. ಕ್ಲಾಸಲ್ಲಿ ಭೂಕಂದಾಯದ ಪಾಠ. ‘ಅದರಿಂದ ಯಾರಿಗೆ ಲಾಭ?’ ಅಂತ ಕೇಳಿ ಬಾಯಿ ಮುಚ್ಚಿಕೊಂಡು ನಿಂತೆ. ಒಂದು ನಿಮಿಷ. ಮೇಡಂಗೆ ಹುಷಾರಿಲ್ವೇನೋ ಅಂತ ಹುಡುಗರು ಮುಖ ಮುಖ ನೋಡ್ಕೊಂಡರು. ಎರಡು ನಿಮಿಷ. ಶಬಾನಾ ಪೆನ್ನಿಗೆ ಕ್ಯಾಪ್ ಹಾಕಿದಳು. ತಲೆ ಎತ್ತಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಪ್ರಿನ್ಸಿಪಾಲರು. ‘ಯಾಕ್ ಮೇಡಂ, ಪಾಠ ನಡೀತಿಲ್ವಾ?’

‘ನಡೀತಿದೆ ಸರ್’ ಅಂದೆ. ಹುಡುಗರ ಕಡೆ ತಿರುಗಿ, ‘ಬರ್ಕೊಳ್ಳಿ’ ಅಂದೆ.

ಶಬಾನಾ ಕ್ಯಾಪ್ ತೆಗೆದು ಬರ್ಕೊಂಡಳು.

ಶನಿವಾರ ಮುಗಿಲೂರಿನಲ್ಲಿ ಪ್ರಶ್ನೆ ಕೇಳಿ ದೀಪ ಹಚ್ಚಿದೆ. ಮಾಟಗಾತಿ, ಸೈನಿಕ, ಎಲ್ಲರೂ ಮರಕುಟಿಗನಿಗೇ ಕಾಯ್ತಾ ಕೂತರು. ಅವರೆಕಾಯಿ ಎಲ್ಲ ಮುಗೀತು. ಮರಕುಟಿಗ ಬರಲಿಲ್ಲ.

ಇವತ್ತು ಮಂಗಳವಾರ. ದೀಪ ಇನ್ನೂ ಉರೀತಿದೆ. ಆರಿಸೋ ಹಕ್ಕು ನನಗಿಲ್ಲ.