ಗೌಂಡಿ ಅಜ್ಜನ ಪಾಠ

ಲಂಬಕೋನವನ್ನು ಪುಸ್ತಕದಲ್ಲಿ ತೋರಿಸಿ ನನಗೆ ಸಾಕಾಗಿತ್ತು. ಅದಕ್ಕೇ ಮಸಗುಪ್ಪಿಯ ಹಿರಿಯ ಗೌಂಡಿ ರಾಜೇಸಾಬ ಅಜ್ಜನನ್ನು ನಮ್ಮ ಸಾಲೆಗೆ ಕರೆದೆ.

"ಗ್ವಾಡಿ ಎಬ್ಬಿಸೂಕಿಂತ ಮದ್ಲ ಮೂಲಿ ನೋಡಬೇಕ್ರೀ ಅಕ್ಕೋರ" ಎನ್ನುತ್ತ ಅವರು ಅಂಗಳದಲ್ಲಿ ದಾರ ಹಿಡಿದು ಕೂತರು. ಮೂಲೆಯಿಂದ ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಗುರುತು ಮಾಡಬೇಕು. ಎರಡು ಗುರುತುಗಳ ನಡುವೆ ಸರಿಯಾಗಿ ಐದು ಅಡಿ ಬಂದರೆ ಮೂಲೆ ನೆಟ್ಟಗಿದೆ ಎಂದರ್ಥ. ಮಕ್ಕಳಿಗೆ ಹುಚ್ಚೇ ಹಿಡಿಯಿತು. ಕಟ್ಟೆ, ನನ್ನ ಮೇಜು ಎಲ್ಲ ಅಳೆದು ಕೊನೆಗೆ ತರಗತಿಯೊಳಗೆ ನುಗ್ಗಿದರು.

"ಅಜ್ಜಾ, ಈ ಮೂಲ್ಯಾಗ ನಾಕ್ ಬಟ್ಟು ಜಾಸ್ತಿ ಬರಾಕತ್ತೈತಿ!" ಎಂದು ನಾಲ್ಕನೇ ಕ್ಲಾಸಿನ ರೇಣುಕಾ ಕೂಗಿದಳು. "ಈ ಗ್ವಾಡಿ ಕಟ್ಟಿದಾಂವ ಯಾರು?"

ಉತ್ತರ ನನಗೆ ಗೊತ್ತಿತ್ತು. ಮಾತು ಹೊರಳಿಸಲು "ಊಟದ ಗಂಟಿ ಹೊಡೀರಿ" ಎಂದೆ. ಅಜ್ಜ ಕೈಯೆತ್ತಿ ತಡೆದು, ತಾವೇ ಮತ್ತೊಮ್ಮೆ ಅಳೆದರು.

"ನಾನ ಕಟ್ಟೀನವ್ವಾ. ನನ್ನ ಮೊದಲನೇ ಗ್ವಾಡಿ. ಆವಾಗ ನನಗ ನಿನ್ನಷ್ಟು ಬರ್ತಿದ್ದಿಲ್ಲ."

ರೇಣುಕಾ ಸ್ವಲ್ಪ ಯೋಚಿಸಿ, "ಇರ್ಲಿ ಬಿಡಜ್ಜಾ, ಇನ್ನೂ ಬಿದ್ದಿಲ್ಲಲ್ಲ" ಎಂದಳು. ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು.

ನನಗೆ ಮಾತ್ರ ನಗು ಬರಲಿಲ್ಲ. ಬೆಂಚು ಸೊಟ್ಟ ಇಡುತ್ತೀರೆಂದು ಆ ಮೂಲೆಯ ಮಕ್ಕಳನ್ನು ಆರು ವರ್ಷದಿಂದ ಬೈಯುತ್ತ ಬಂದವಳು ನಾನೇ.