ದಿಂಬಿನ ಮೇಲಿನ ಜವಳ

ನನಗೆ ನಗು ತಡೆಯುವುದು ಬರುವುದಿಲ್ಲ. ಮಕ್ಕಳ ಕ್ಯಾನ್ಸರ್ ಡಾಕ್ಟರಿಗೆ ಇದು ತಕ್ಕ ಗುಣವಲ್ಲ ಎಂದು ಮುಂಬೈಯಲ್ಲಿ ನನಗೆ ಕಲಿಸಿದ ಹಿರಿಯ ಡಾಕ್ಟರು ಮೂರು ವರ್ಷ ಹೇಳಿದರು. ನಾನು ಮೂರು ವರ್ಷವೂ ನಗುತ್ತಲೇ ಒಪ್ಪಿಕೊಂಡೆ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್, ಬೆಳಗಾವಿಯಲ್ಲಿ ಮಕ್ಕಳ ವೈದ್ಯಕೀಯ, ಆಮೇಲೆ ಮುಂಬೈ. ಇಷ್ಟು ಮುಗಿಯುವುದರೊಳಗೆ ಇಳಕಲ್ಲಿನ ನಮ್ಮ ಓಣಿಯಲ್ಲಿ ನನ್ನ ಜೊತೆ ಕುಂಟಾಟ ಆಡಿದವರ ಮಕ್ಕಳು ಹೈಸ್ಕೂಲು ಮುಟ್ಟಿದ್ದರು. ಕೇಳಿದವರಿಗೆಲ್ಲ ನಮ್ಮವ್ವ "ನಮ್ಮಾಕಿ ಇನ್ನಾ ಸಾಲಿ ಕಲಿಯಾಕತ್ತಾಳ್ರಿ" ಎಂದು ಹೇಳಿ ಹೇಳಿ ಸೋತು, ಕಡೆಗೆ "ಆಕಿದು ಮುಗಿಯೂ ಸಾಲಿ ಅಲ್ಲ ಬಿಡ್ರಿ" ಎಂದು ಕೈಬಿಟ್ಟಿದ್ದಳು.

ಅಂತೂ ಮುಗಿಯಿತು. ಬಾಗಲಕೋಟೆಯ ದವಾಖಾನೆಯೊಂದರ ಮೇಲಿನ ಮಹಡಿಯಲ್ಲಿ ಆರು ಮಂಚಗಳ ವಾರ್ಡನ್ನು ನನ್ನ ಕೈಗೆ ಕೊಟ್ಟರು. ಕಿಟಕಿ ತೆರೆದರೆ ಹಿನ್ನೀರು ಕಾಣುತ್ತಿತ್ತು. ಮೊದಲ ದಿನ ಆ ಆರು ಮಂಚಗಳ ನಡುವೆ ಯಾರೂ ಇಲ್ಲದಾಗ ನಾನು ಒಂದು ಸುತ್ತು ಗಿರಗಿರ ತಿರುಗಿದೆ. ಮುಂಬೈಯಲ್ಲಿ ಕಲಿತ ನಿಯಮಗಳನ್ನೆಲ್ಲ ಅಲ್ಲಿ ಜಾರಿಗೆ ತಂದೆ. ಅದರಲ್ಲಿ ನನಗೆ ಬಲು ಹೆಮ್ಮೆಯದು ಕೂದಲಿನ ನಿಯಮ. ಔಷಧ ಶುರುವಾದ ಎರಡು ಮೂರು ವಾರಕ್ಕೆ ಮಕ್ಕಳ ಕೂದಲು ಉದುರುತ್ತದೆ. ಬೆಳಿಗ್ಗೆ ದಿಂಬಿನ ಮೇಲೆ ಅದರ ಗೊಂಚಲು ಕಂಡರೆ ತಾಯಂದಿರ ಎದೆ ಒಡೆಯುತ್ತದೆ. ಹಾಗಾಗಿ ಅವರು ನೋಡುವ ಮುಂಚೆಯೇ ಅದನ್ನೆಲ್ಲ ಬಳಿದು ತೆಗೆದುಬಿಡಬೇಕು. ಕಸ ಗುಡಿಸುವ ಅಕ್ಕನಿಗೆ ಇದನ್ನು ಎರಡು ಸಲ ಹೇಳಿಕೊಟ್ಟೆ.

ಒಂದು ದಿನ ಕಲಾದಗಿ ಕಡೆಯಿಂದ ಒಬ್ಬ ಆಯಿ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಹುಡುಗನ ತಾಯಿ ತುಂಬಿದ ಬಸುರಿ, ತವರಿನಲ್ಲಿದ್ದಳು. ತಂದೆ ರವಿವಾರಕ್ಕೊಮ್ಮೆ ಬರುವವನು. ನಾಲ್ಕು ವರ್ಷದ ಆ ಹುಡುಗನಿಗೆ ಬೆನ್ನಿನ ತನಕ ಎರಡು ಜಡೆ, ಜಡೆಗೆ ಕೆಂಪು ರಿಬ್ಬನ್ನು. ಪರೀಕ್ಷೆ ಮಾಡಿದೆವು. ರಕ್ತದ ಕ್ಯಾನ್ಸರು. ಮಕ್ಕಳಿಗೆ ಬರುವ ಬಗೆ, ಬಹಳಷ್ಟು ಸಲ ವಾಸಿಯಾಗುವ ಬಗೆ. ಆದರೆ ನಡುವೆ ಬಿಡದೆ ಔಷಧ ಕೊಡಬೇಕು. ಅದನ್ನೆಲ್ಲ ಆಯಿ ಗಟ್ಟಿಯಾಗಿ ಕೂತು ಕೇಳಿದಳು. ಕೊನೆಗೆ ಕೂದಲಿನ ಮಾತು ಬಂತು. ದನಿ ತಗ್ಗಿಸಿ, ಕಣ್ಣೊರೆಸುವ ಕಾಗದದ ಡಬ್ಬಿಯನ್ನು ಅವಳ ಕಡೆಗೆ ಸರಿಸಿ ಹೇಳಿದೆ. "ಕೂದಲೆಲ್ಲಾ ಉದರತಾವ್ರಿ ಆಯಿ. ಆಮ್ಯಾಲ ಮತ್ತ ಬರ್ತಾವ."

ಆಯಿ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ಎದ್ದೇ ನಿಂತಳು.

"ಹಂಗಂದ್ರ ಈಗಿಂದೀಗ ಬನಶಂಕರಿಗಿ ಹೋಗಿ ಬರ್ತೇವಿ ತಡೀರಿ. ಇವಂದು ಇನ್ನಾ ಜವಳಾ ಆಗಿಲ್ಲ."

ಜವಳವೆಂದರೆ ನಮ್ಮ ಕಡೆ ಮಗುವಿನ ಮೊದಲ ಕೂದಲನ್ನು ಮನೆದೇವರಿಗೆ ಒಪ್ಪಿಸುವುದು. ಅಲ್ಲಿಯವರೆಗೆ ಕತ್ತರಿ ಸೋಕಿಸುವಂತಿಲ್ಲ. ಸೋದರಮಾವ ಬಂದು ತೊಡೆಯ ಮೇಲೆ ಕೂಡಿಸಿಕೊಳ್ಳಬೇಕು. ಈ ಹುಡುಗನ ಮಾವ ಗೋವಾದಲ್ಲಿದ್ದ. "ಮೂರು ವರ್ಷಾತು, ಬರೂ ಹುಣಿವಿಗಿ ಬರ್ತೇನಿ ಅಂತಾನ. ಅವನ ಹುಣಿವಿ ಬರವಲ್ದು" ಎಂದು ಆಯಿ ಗೊಣಗಿದಳು. ನನಗೆ ನಗು ಬಂದೇಬಿಟ್ಟಿತು. ಆಮೇಲೆ ಸಾವರಿಸಿಕೊಂಡು ತಿಳಿಹೇಳಿದೆ. ಹುಡುಗನ ಮೈಯಲ್ಲಿ ರೋಗ ತಡೆಯುವ ಬಿಳಿ ರಕ್ತಕಣ ಇಲ್ಲವೆನ್ನುವಷ್ಟು ಕಡಿಮೆ, ಗುಡಿಯ ಗದ್ದಲದಲ್ಲಿ ಒಂದು ಜ್ವರ ಹತ್ತಿದರೆ ಅವನನ್ನು ಉಳಿಸಿಕೊಳ್ಳುವುದು ಕಷ್ಟ ಎಂದೆ. ಆಯಿ ಮೊಮ್ಮಗನ ಎರಡೂ ಜಡೆಗಳನ್ನು ಕೈಯಲ್ಲಿ ಹಿಡಿದು ನೋಡಿದಳು.

"ಆತು. ಉದರಿದ್ದನ್ನ ಒಂದ ಎಳೀನೂ ಬಿಡದಂಗ ಕೂಡಿಸಿ ಇಡ್ತೇನಿ. ಆಮ್ಯಾಲ ದೇವಿಗಿ ಒಪ್ಪಸ್ತೇನಿ. ನಡೀತೈತಿಲ್ರಿ?"

ನಾನು ಫೈಲಿನಲ್ಲಿ ಸಹಿ ಹಾಕುತ್ತಿದ್ದೆ. "ಹೂಂನ್ರಿ, ಹೂಂನ್ರಿ" ಎಂದೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಇಳಕಲ್ಲಿನಲ್ಲಿ ಹುಟ್ಟಿದವಳು, ನನ್ನ ಜವಳವೂ ಮಾವನ ತೊಡೆಯ ಮೇಲೆಯೇ ಆದದ್ದು. ಆದರೂ ನನಗೆ ಹೊಳೆಯಲಿಲ್ಲ. ಕಲಿತ ಕತ್ತೆ ಎಂದು ನನ್ನಂಥವರನ್ನು ನೋಡಿಯೇ ಅಂದಿರಬೇಕು.

ಮೂರನೆಯ ವಾರದ ಒಂದು ಬೆಳಿಗ್ಗೆ ನಾನು ವಾರ್ಡಿಗೆ ಬರುವಾಗ ಆಯಿ ಮಂಚದ ಕೆಳಗೆ ತೂರಿಕೊಂಡಿದ್ದಳು. ಕಾಲೆರಡೇ ಕಾಣುತ್ತಿದ್ದವು. ಅವಳು ಮುಖ ತೊಳೆದು ಬರುವುದರೊಳಗೆ, ರಾತ್ರಿ ದಿಂಬಿನ ಮೇಲೆ ಉದುರಿದ್ದ ಮೊಮ್ಮಗನ ಒಂದು ಜಡೆಯ ಕೂದಲು ಪೂರ್ತಿ ಮಾಯವಾಗಿತ್ತು. ದಿಂಬು ಮಾತ್ರ ಫಳಫಳ ಹೊಳೆಯುತ್ತಿತ್ತು. ಕೂದಲು ಕೂಡಿಸಲೆಂದು ಕುಂಕುಮ ಹಚ್ಚಿ ಇಟ್ಟಿದ್ದ ಬಿಳಿ ವಸ್ತ್ರ ಮಂಚದ ಮೇಲೆ ಖಾಲಿ ಬಿದ್ದಿತ್ತು. ನನ್ನ ಹೆಮ್ಮೆಯ ನಿಯಮ ಕೆಲಸ ಮಾಡಿತ್ತು.

ಆಯಿ ಹೊರಗೆ ಬಂದು ನನ್ನೆದುರು ನಿಂತಳು. ಅಲ್ಲಿಯವರೆಗೆ ಡಾಕ್ಟರ್ ಬಾಯಾರ, ಬರ್ರಿ, ಹೋಗ್ರಿ ಎನ್ನುತ್ತಿದ್ದವಳು ಅಂದು "ರಿ"ಯನ್ನು ಬಿಟ್ಟಳು.

"ದೇವಿ ಕೂದಲಾ ಎಲ್ಲಿ ಒಗದೀ? ನಿನಗ ಹೇಳಿದ್ನಿಲ್ಲ? ಹೂಂ ಅಂದಿದ್ದಿಲ್ಲ ನೀ? ಇನ್ನ ನಾ ಇರೂದಿಲ್ಲ. ಉಳದದ್ದೊಂದ ಜಡಿ ಐತಿ, ಅದನ್ನರೆ ಕೊಟ್ಟ ಬರ್ತೇನಿ. ಇವನ್ನ ಕರಕೊಂಡ ಹೊಕ್ಕೇನಿ."

ಅವಳು ಬಟ್ಟೆಯ ಗಂಟು ಕಟ್ಟತೊಡಗಿದಳು. ಎರಡೇ ದಿನ ಹೋಗಿ ಬರುತ್ತೇವೆ ಎಂದು ಗೇಟು ದಾಟಿದ ಮಕ್ಕಳಲ್ಲಿ ಮತ್ತೆ ಬಾರದವರನ್ನು ನಾನು ನೋಡಿದ್ದೆ. ಅಂದು ಅವನ ರಕ್ತದ ಲೆಕ್ಕ ಎಂದಿಗಿಂತ ಕೆಳಗಿತ್ತು. ಅವನು ಹೋದರೆ ನನ್ನ ಒಂದು "ಹೂಂ"ನಿಂದಲೇ ಹೋದಂತೆ.

"ಒಂದ ತಾಸ ಕೊಡ್ರಿ ಆಯಿ" ಎಂದವಳೇ ಓಡಿದೆ.

ವಾರ್ಡಿನ ಕಸದ ಚೀಲ ಇನ್ನೂ ಹಿಂದಿನ ಪಡಸಾಲೆಯಲ್ಲಿತ್ತು. ಕೈಗವಸು ಹಾಕಿಕೊಂಡು, ನೆಲಕ್ಕೆ ಪೇಪರು ಹಾಸಿ, ಚೀಲ ಬೋರಲು ಹಾಕಿದೆ. "ಬಾಯಾರ, ನೀವು ಕಸದಾಗ?" ಎಂದು ಕಸ ಗುಡಿಸುವ ಅಕ್ಕ ಬಾಯಿ ತೆರೆದು ನಿಂತು, ಆಮೇಲೆ ತಾನೂ ಕೂತಳು. ಬಾಳೆಹಣ್ಣಿನ ಸಿಪ್ಪೆ, ಬಿಸ್ಕೀಟಿನ ಕಾಗದ, ಯಾರೋ ಮುಟ್ಟದೆ ಬಿಟ್ಟ ಉಪ್ಪಿಟ್ಟು, ಉಪ್ಪಿಟ್ಟಿನೊಳಗೆ ಕೂದಲು. ಒಂದೊಂದೇ ಎಳೆ ಹೆಕ್ಕುತ್ತ, ಹೆದರಿಕೆಗೋ ಏನೋ, ನನಗೆ ನಗು ಉಕ್ಕಿತು. ಅಕ್ಕನಿಗೂ ಹತ್ತಿತು. ರೌಂಡ್ಸಿಗೆಂದು ನನ್ನನ್ನು ಹುಡುಕಿ ಬಂದ ನಾಲ್ಕು ವಿದ್ಯಾರ್ಥಿಗಳು, ಇದನ್ನು ಬರೆದುಕೊಳ್ಳಬೇಕೋ ಬೇಡವೋ ತಿಳಿಯದೆ ನೋಟುಬುಕ್ಕು ಹಿಡಿದು ನಿಂತಿದ್ದರು. "ನಿಂತೇನ ನೋಡ್ತೀರಿ, ಕೂಡ್ರಿ" ಎಂದೆ. ಕೂತರು.

ಒಂದು ತಾಸಿಗೆ ಎರಡು ಮುಷ್ಟಿ ಕೂದಲು ಸಿಕ್ಕಿತು. ಕುಣಿಯುತ್ತ ಒಯ್ದು ಆಯಿಯ ಬಿಳಿ ವಸ್ತ್ರದ ಮೇಲೆ ಸುರಿದೆ. ಆಯಿ ಬಗ್ಗಿ ನೋಡಿದಳು. ಬೆರಳಿನಿಂದ ಬಿಡಿಸಿದಳು.

"ಇದು ನಮ್ಮಂವಂದು, ಎಣ್ಣಿ ಐತಿ. ಇದಲ್ಲ. ಇದು ಕೆಂಚಗೈತಿ. ಇದು ಯಾರೋ ಹುಡುಗೀದು, ಗುಂಗುರ."

ಆರೂ ಮಂಚಗಳ ಕೂದಲು ಒಂದೇ ಚೀಲದಲ್ಲಿ ಬಿದ್ದಿತ್ತು. ಉಳಿದ ತಾಯಂದಿರು ಸುತ್ತ ಬಂದು ಬಗ್ಗಿದರು. ಅವರು ನೋಡಬಾರದೆಂದು ನಾನು ಮುಚ್ಚಿಟ್ಟಿದ್ದನ್ನು ಎಲ್ಲರೂ ಮುಟ್ಟಿ ಮುಟ್ಟಿ ನೋಡಿದರು. ಎರಡನೇ ಮಂಚದ ಹುನಗುಂದದ ಹುಡುಗಿಯ ತಾಯಿ, "ಗುಂಗುರ ನಮ್ಮಾಕಿದ್ರಿ" ಎಂದಳು.

"ಆಕಿಗಿ ಜವಳಾ ಆಗೇತೇನು?" ಆಯಿ ಕೇಳಿದಳು.

"ಆಗೇತ್ರಿ. ಕೂಡಲಸಂಗಮದಾಗ."

ಆಯಿ ಮತ್ತಷ್ಟು ಹೊತ್ತು ಬಿಡಿಸಲು ನೋಡಿದಳು. ಆಗಲಿಲ್ಲ. ಕಡೆಗೆ ಎಲ್ಲವನ್ನೂ ಒಟ್ಟುಮಾಡಿ ವಸ್ತ್ರದ ನಾಲ್ಕೂ ತುದಿ ಕೂಡಿಸಿ ಬಿಗಿದಳು.

"ಆಗಿದ್ರ ಏನಾತು? ಎರಡನೇ ಸಲ ಕೊಟ್ರ ದೇವಿ ಬ್ಯಾಡ ಅಂತಾಳೇನು? ಆರೂ ಮಂದೀದು ಒಯ್ತೇನಿ. ಹುಡುಗ ಇಲ್ಲೇ ಇರ್ಲಿ. ಆರೂ ಮಂದೀನ್ನ ಕರಕೊಂಡ ಹೋಗಾಕ ಬರೂದಿಲ್ಲಲ್ಲ."

ಬಸ್ಸು ಹತ್ತುವ ಮುಂಚೆ ಗೋವಾಕ್ಕೆ ಫೋನು ಮಾಡಿಸಿ, "ನೀ ಬರೂದ ಬ್ಯಾಡೋ. ಆರು ಮಂದೀಗಿ ಒಬ್ಬ ಮಾವ ಸಾಲೂದಿಲ್ಲ" ಎಂದು ಹೇಳಿ ಕಟ್ ಮಾಡಿದಳು. ಸಂಜೆಗೆ ಚೊಳಚಗುಡ್ಡದ ಬನಶಂಕರಿ ಗುಡಿಯಿಂದ ಕುಂಕುಮ ತಂದು ಆರೂ ಮಕ್ಕಳ ಹಣೆಗೆ ಹಚ್ಚಿದಳು. "ಪೂಜಾರಿ ಯಾರ ಹೆಸರಲೆ ಅಂತ ಕೇಳಿದ. ನನಗೆಲ್ಲಿ ಎಲ್ಲಾರ ಹೆಸರ ಬರ್ತಾವ? ಒಂದನೇ ಮಂಚ, ಎರಡನೇ ಮಂಚ ಅಂತ ಹೇಳಿದೆ" ಎಂದಳು. ನಾನು ಗೋಡೆ ಹಿಡಿದು ನಕ್ಕೆ.

ತಿಂಗಳು ಮುಗಿದ ಮೇಲೆ ಹುಡುಗನ ಮೂಳೆಯೊಳಗಿನ ಮಜ್ಜೆಯ ವರದಿ ಬಂತು. ರೋಗದ ಕಣ ಒಂದೂ ಕಾಣುತ್ತಿರಲಿಲ್ಲ. ಇನ್ನೂ ಎರಡು ವರ್ಷದ ಔಷಧ ಬಾಕಿ ಇತ್ತು, ನಿಜ. ಆದರೂ ನಾನು ಮೆಟ್ಟಿಲನ್ನು ಎರಡೆರಡರಂತೆ ಹತ್ತಿ ಹೋಗಿ ಆಯಿಯ ಎರಡೂ ಕೈ ಹಿಡಿದುಕೊಂಡೆ. "ಸ್ವಚ್ಛ ಆಗೇತ್ರಿ ಆಯಿ! ಔಷಧ ಹತ್ತೇತಿ!"

ಆಯಿ ಕಣ್ಣು ಮುಚ್ಚಿ ಕೈ ಮುಗಿದಳು. ಕಣ್ಣು ಬಿಟ್ಟು ಕೇಳಿದಳು, "ಉಳದ ಐದ ಮಂದೀದು?"

"ಒಬ್ಬರದು ಇನ್ನೊಬ್ಬರಿಗಿ ಹೇಳಾಕ ಬರೂದಿಲ್ರಿ."

"ಬರೂದಿಲ್ಲಂದ್ರ? ಒಪ್ಪಿಸಿ ಬಂದಾಕಿ ನಾ."

ನಾನು ಬಾಯಿ ತೆರೆಯುವ ಮೊದಲೇ ಹುನಗುಂದದ ತಾಯಿ ತನ್ನ ಮಂಚದಿಂದ ಹೇಳಿದಳು, "ನಮ್ಮಾಕಿದು ಸ್ವಚ್ಛ ಆಗಿಲ್ರಿ ಆಯಿ. ಇನ್ನಾ ಜೋರ ಔಷಧ ಚಾಲೂ ಮಾಡ್ತಾರಂತ."

ಆಯಿ ಮಂಚದ ಕೆಳಗಿನಿಂದ ಚಪ್ಪಲಿ ಎಳೆದುಕೊಂಡು, ಮೊಮ್ಮಗನ ಕೈಯನ್ನು ತಂದು ನನ್ನ ಕೈಯಲ್ಲಿಟ್ಟಳು.

"ಎರಡನೇ ಮಂಚಂತ ನಾನಽ ಹೇಳಿದ್ದೆ, ದೇವಿಗಿ ತಿಳಿದಿರ್ಲಿಕ್ಕಿಲ್ಲ. ಈ ಸಲ ಹುಡುಗಿ ಹೆಸರ ಹೇಳಿ ಬರ್ತೇನಿ. ನಾ ಬರೂತನಾ ಇವನ್ನ ನೀ ನೋಡಕೊ, ಯವ್ವಾ."