ನಿಮ್ಮ ಅಮ್ಮನಿಗೆ ಕೆಲಸ ಕಲಿಸಿದ ಅಕ್ಕ

ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಚಿಕ್ಕಂದಿನಿಂದ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಒಲೆಯ ಮುಂದೆ ಕೂತು, ಕುದಿನೀರಿನಲ್ಲಿ ಗೂಡು ತಿರುವಿ ತಿರುವಿ ಸವೆದುಹೋಗಿದ್ದವು. ಹೆಬ್ಬೆಟ್ಟು ಒತ್ತಿದರೆ ಯಾವ ಕಚೇರಿಯ ಯಂತ್ರವೂ ಒಪ್ಪುತ್ತಿರಲಿಲ್ಲವಂತೆ. ಕಂಪ್ಯೂಟರಿನ ಮುಂದೆ ಕೂತರೂ ಎರಡೇ ಬೆರಳಿನಲ್ಲಿ ಕುಟ್ಟುತ್ತಿದ್ದರು.

ರಾಮನಗರದಲ್ಲಿ ಒಂದು ಅಂಗಡಿಯ ಮಾಳಿಗೆಯ ಮೇಲೆ ಎರಡು ಕೋಣೆ ಹಿಡಿದು, ರೈತರ ಫೋನಿಗೆ ಬೇಕಾದ ಸಾಫ್ಟ್‌ವೇರ್ ಮಾಡುತ್ತಿದ್ದರು. ಆ ವಿದ್ಯೆಯನ್ನು ಕಾಲೇಜಿನಲ್ಲಿ ಕಲಿತವರಲ್ಲ. ಬಲ್ಲವರೊಬ್ಬರ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ಕಲಿತವರು. ನಿಮ್ಮ ಅಮ್ಮ, ಅಂದರೆ ನನ್ನ ಮಗಳು, ಡಿಗ್ರಿ ಮುಗಿಸಿ, ಬೆಂಗಳೂರಿನಲ್ಲಿ ಆರು ತಿಂಗಳ ಕೋರ್ಸು ಮಾಡಿ, ಸರ್ಟಿಫಿಕೇಟು ಹಿಡಿದು ಅವರಲ್ಲಿಗೆ ಹೋದಳು. ಮೂರು ತಿಂಗಳು ನೋಡುತ್ತೇನೆ, ಆಮೇಲೆ ಇಟ್ಟುಕೊಳ್ಳುವ ಮಾತು ಎಂದರಂತೆ. ಅವರನ್ನು ಅವಳು ಅಕ್ಕ ಎನ್ನುತ್ತಿದ್ದಳು. ನನಗಿಂತ ಚಿಕ್ಕವರಾದರೂ ನಾನೂ ಹಾಗೇ ಕರೆದೆ.

ಅವಳಿಗೆ ಕೊಟ್ಟ ಮೊದಲ ಕೆಲಸ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಹೊತ್ತನ್ನು ಫೋನಿನಲ್ಲಿ ತಿಳಿಸುವುದು. ಪುಸ್ತಕ ನೋಡಿ ದಿನ, ಗಂಟೆ ಎಲ್ಲ ಲೆಕ್ಕ ಹಾಕಿ ಮಾಡಿದಳು. ಪರೀಕ್ಷೆಗೆ ನಮ್ಮ ಮನೆಯ ಹುಳವೇ ಸಿಕ್ಕಿತು.

ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ, ತಿನ್ನುವುದಿಲ್ಲ. ಎಲ್ಲವೂ ಏಳುವವರೆಗೆ ಸೊಪ್ಪು ಹಾಕಬಾರದು. ಆ ಸಲ ಚಳಿಗೆ ಮೂರನೇ ಜ್ವರ ತಡವಾಯಿತು. ಹುಳ ಇನ್ನೂ ಕೂತಿರುವಾಗಲೇ ಫೋನು ಸೊಪ್ಪು ಹಾಕು ಎಂದಿತು. ನನಗೆ ಕಣ್ಣಿಗೆ ಕಾಣುತ್ತಿತ್ತು. ಆದರೂ ಹಾಕಿದೆ. ಮೊದಲು ಎದ್ದವು ತಿಂದು ಬಲಿತವು, ಉಳಿದವು ಒದ್ದೆ ಸೊಪ್ಪಿನ ಅಡಿಯಲ್ಲಿ ಸೊರಗಿದವು. ಅರ್ಧ ಬೆಳೆ ತಿಪ್ಪೆಗೆ ಹೋಯಿತು.

ಸುದ್ದಿ ತಿಳಿದು ಅಕ್ಕ ಮರುದಿನವೇ ಬಂದರು. ಹುಳ ಸಾಕುವ ತಟ್ಟೆಗಳನ್ನು ಒಂದೊಂದಾಗಿ ನೋಡಿ, ನಿಮ್ಮ ಅಮ್ಮನನ್ನು ಬಿಟ್ಟು ನನ್ನನ್ನು ಕೇಳಿದರು.

"ಜ್ವರಕ್ಕೆ ಕುಂತಿರೋದು ನಿಮಗೆ ಕಾಣ್ಲಿಲ್ವಾ ಅವ್ವ?"

"ಕಾಣ್ತು. ಓದಿರೋ ಮಗಳು ಮಾಡೌಳೆ, ನಾನೇನ್ ಹೇಳದು ಅಂತ ಸುಮ್ಕಿದ್ದೆ."

ಅವರು ನಿಮ್ಮ ಅಮ್ಮನ ಕಡೆ ತಿರುಗಿದರು. "ನೀನು ಕಲ್ತಿರೋದು ತಪ್ಪಲ್ಲ ಕಣಮ್ಮ. ಹುಳ ಆ ಪುಸ್ತಕ ಓದಿಲ್ಲ, ಅಷ್ಟೇಯ." ಮುಂದಿನ ಬೆಳೆ ಮುಗಿಯುವವರೆಗೆ ಕಂಪ್ಯೂಟರ್ ಮುಟ್ಟದೆ, ನನ್ನ ಜೊತೆ ಸೊಪ್ಪು ಕೊಯ್ದುಕೊಂಡು ಮನೆಯಲ್ಲೇ ಇರಬೇಕು ಎಂದರು.

ನಿಮ್ಮ ಅಮ್ಮನ ಮುಖ ಇಳಿದುಹೋಯಿತು. "ಕೆಲಸದಿಂದ ತಗೀತಿದ್ದೀರಾ ಅಕ್ಕ?"

"ತಗಿಯೋಳಾಗಿದ್ರೆ ಫೋನಲ್ಲೇ ಹೇಳ್ತಿದ್ದೆ. ಬಸ್ಸಲ್ಲಿ ನಿಂತ್ಕಂಡು ಬತ್ತಿದ್ನಾ?"

ವಾರಕ್ಕೊಮ್ಮೆ ತಾವೂ ಬಂದು ಅವಳ ಪಕ್ಕದಲ್ಲಿ ಕೂರುತ್ತಿದ್ದರು. ಪಾಠ ಮಾಡುತ್ತಿರಲಿಲ್ಲ. ಇದು ಯಾಕೆ, ಅದು ಯಾಕೆ ಎಂದು ನನ್ನನ್ನು ಕೇಳುವರು. ನಾನು ತಡವರಿಸಿದರೆ ಕಾಯುವರು. ನಿಮ್ಮ ಅಮ್ಮ ನಡುವೆ ಬಾಯಿ ಹಾಕಿದರೆ ಕಣ್ಣಲ್ಲೇ ಗದರುವರು. ನಿಮ್ಮ ತಾತ ಹೋದ ಮೇಲೆ ನಾನು ಅಷ್ಟು ಮಾತಾಡಿದ್ದು ಆಗಲೇ.

ಬೆಳೆ ಮುಗಿದ ಮೇಲೆ ನಿಮ್ಮ ಅಮ್ಮ ಎಲ್ಲವನ್ನೂ ಹೊಸದಾಗಿ ಬರೆದಳು. ಈಗ ಫೋನು ಸೊಪ್ಪು ಹಾಕು ಎನ್ನುವುದಿಲ್ಲ. ಹುಳ ಎಲ್ಲ ಎದ್ದವಾ ಎಂದು ಕೇಳಿ, ನಾವು ಹೇಳುವ ತನಕ ಸುಮ್ಮನಿರುತ್ತದೆ. ಅಕ್ಕ ಅದನ್ನು ಎರಡು ಸಲ ಒತ್ತಿ ನೋಡಿ, ಸೋಮವಾರ ಬೇಗ ಬಾ ಎಂದಷ್ಟೇ ಹೇಳಿದರು. ಕೆಲಸ ಉಳಿಯಿತು.

ಹೋದ ವರ್ಷ ಕಾಯಿಲೆಯಲ್ಲಿ ಅವರು ತೀರಿಕೊಂಡರು. ಆ ಕೋಣೆಗಳನ್ನು ಈಗ ನಿಮ್ಮ ಅಮ್ಮನೇ ನೋಡಿಕೊಳ್ಳುತ್ತಾಳೆ. ಹೊಸದಾಗಿ ಕೆಲಸಕ್ಕೆ ಬಂದವರನ್ನು ಒಂದು ಬೆಳೆಯ ಮಟ್ಟಿಗೆ ನಮ್ಮ ಹುಳದ ಮನೆಗೆ ಕಳಿಸುತ್ತಾಳೆ. ಎಂಥ ಸರ್ಟಿಫಿಕೇಟು ತಂದವರಾದರೂ ಸರಿ, ತಪ್ಪು ಕಂಡರೆ ನಾನು ಅಲ್ಲೇ ಹೇಳುತ್ತೇನೆ.